ಚೆಸ್ಟ್ ಪಾಸ್‌ಗೆ ಸ್ಪೀಡ್ ಎಲ್ಲಿಂದ ಬರತ್ತೆ? ಎಷ್ಟು ಬಲ ಹಾಕಿದ್ರೂ ಬಾಲ್ ತೇಲ್ಕೊಂಡು ಹೋಗ್ತಿದೆ

ಕಾರ್ನರ್_ಗಾರ್ಡ್:

ಎಲ್ಲರಿಗೂ ನಮಸ್ಕಾರ. ನಾನು ಬಾಸ್ಕೆಟ್‌ಬಾಲ್‌ನಲ್ಲಿ ಗಾರ್ಡ್ ಆಡೋನು, ಶೂಟಿಂಗ್ ಡ್ರಿಬ್ಲಿಂಗ್ ಎಲ್ಲಾ ಒಂದು ಮಟ್ಟಕ್ಕೆ ಬಂದಿದೆ ಆದ್ರೆ ಪಾಸಿಂಗ್ ಮಾತ್ರ ಕೈಗೆ ಹತ್ತುತ್ತಾ ಇಲ್ಲ. ಹತ್ರ ನಿಂತಿರೋರಿಗೆ ಕೊಡೋದು ಸರಿ ಇದೆ, ಟಾಪಿಂದ ವಿಂಗ್‌ಗೆ, ಅಂದ್ರೆ ಬುಟ್ಟಿ ಎದುರಿಂದ ಕೋರ್ಟ್ ಪಕ್ಕಕ್ಕೆ, ಐದಾರು ಮೀಟರ್ ದೂರಕ್ಕೆ ಚೆಸ್ಟ್ ಪಾಸ್ (ಎದೆ ಹತ್ರದಿಂದ ಎರಡೂ ಕೈಲಿ ತಳ್ಳೋ ಪಾಸ್) ಹಾಕಿದ್ರೆ ಬಾಲ್ ಗಾಳೀಲಿ ತೇಲ್ಕೊಂಡು ಹೋಗತ್ತೆ, ಡಿಫೆಂಡರ್ ಆರಾಮಾಗಿ ಮಧ್ಯೆ ಬಂದು ಎತ್ಕೊಂಡು ಹೋಗ್ತಾನೆ, ಅವನು ಎತ್ಕೊಳ್ಳಲಿಲ್ಲ ಅಂದ್ರೆ ನಮ್ಮೋನ ಮೊಣಕಾಲ ಹತ್ರ ಬೀಳತ್ತೆ.

ಬಲ ಸಾಲದು ಅಂದ್ಕೊಂಡು ಪುಷ್ ಅಪ್, ಬೆಂಚ್ ಪ್ರೆಸ್ ಎಲ್ಲಾ ಮಾಡ್ತಾ ಇದೀನಿ, ಎದೆ ತೋಳು ಗಟ್ಟಿ ಆಗಿದೆ ಆದ್ರೆ ಪಾಸ್ ಹಾಗೇ ಇದೆ. ನಮ್ ಜೊತೆ ಆಡೋ ಒಬ್ಬಳು ಹುಡುಗಿ ನನಗಿಂತ ತುಂಬಾ ತೆಳ್ಳಗಿದಾಳೆ, ಅದೇ ದೂರಕ್ಕೆ ಅದೇ 7ನೇ ಸೈಜ್ ಬಾಲ್ ಅವಳು ಹಾಕಿದ್ರೆ ಟಪ್ ಅಂತ ಹೋಗಿ ಕೈಗೆ ಕೂರತ್ತೆ, ನೋಡಿದ್ರೆ ಏನೂ ಕಷ್ಟಪಟ್ಟ ಹಾಗೇ ಕಾಣಲ್ಲ. ಹಾಗಾಗಿ ಇದು ಬರೀ ಮಸಲ್ ವಿಷಯ ಅಲ್ಲ ಅಂತ ಗೊತ್ತಾಯ್ತು, ಆದ್ರೆ ಮತ್ತೇನು ಅಂತ ಗೊತ್ತಾಗ್ತಿಲ್ಲ. "ಮಣಿಕಟ್ಟು ಸ್ನ್ಯಾಪ್ ಮಾಡು" ಅಂತ ಎಲ್ಲರೂ ಹೇಳ್ತಾರೆ, ಸ್ನ್ಯಾಪ್ ಅಂದ್ರೆ ದೇಹದಲ್ಲಿ ನಿಜವಾಗಿ ಏನಾಗ್ಬೇಕು? ಯಾವ ಕೀಲು ಯಾವಾಗ ಕೆಲಸ ಮಾಡ್ಬೇಕು? ಮತ್ತೆ ನೆಲಕ್ಕೆ ಬಡಿದು ಪುಟಿಸಿ ಕೊಡೋ ಬೌನ್ಸ್ ಪಾಸ್‌ನ ಮೂರರಲ್ಲಿ ಎರಡು ಭಾಗ ದೂರದಲ್ಲಿ ನೆಲಕ್ಕೆ ಹೊಡಿ ಅಂತಾರಲ್ಲ, ಅದ್ಯಾಕೆ ಅಷ್ಟೇ? ಬರೀ "ಹೀಗೆ ಮಾಡು" ಅನ್ನೋದಕ್ಕಿಂತ ಯಾಕೆ ಅನ್ನೋದು ಯಾರಾದ್ರೂ ಬಿಡಿಸಿ ಹೇಳಿದ್ರೆ ತುಂಬಾ ಉಪಕಾರ ಆಗತ್ತೆ.

ಹಳೇ_ಫಾರ್ವರ್ಡ್:

ಮೊದಲು ಕಾಲು ನೋಡ್ಕೋ ತಮ್ಮಾ. ಎರಡೂ ಪಾದ ಒಂದೇ ಗೆರೇಲಿಟ್ಟು, ಮಂಡಿ ನೆಟ್ಟಗೆ ಮಾಡ್ಕೊಂಡು, ಬರೀ ಕೈಯಿಂದ ತಳ್ತಾ ಇದೀಯ ಅನ್ಸತ್ತೆ. ಮಂಡಿ ಸ್ವಲ್ಪ ಬಗ್ಗಿಸಿ, ಪಾಸ್ ಯಾವ ಕಡೆಗೋ ಆ ಕಡೆ ಒಂದು ಹೆಜ್ಜೆ ಇಡ್ತಾ ಬಾಲ್ ಬಿಡು, ಪಾದ ಊರೋದೂ ಕೈ ಚಾಚೋದೂ ಒಟ್ಟಿಗೇ ಆಗ್ಬೇಕು. ಇದೊಂದನ್ನೇ ಸರಿ ಮಾಡ್ಕೊಂಡ್ರೆ ಅರ್ಧ ಕೆಲಸ ಮುಗೀತು. ಮೊಣಕೈ ರೆಕ್ಕೆ ಥರ ಹೊರಗೆ ಹೋಗ್ಬಾರದು, ಪಕ್ಕೆಗೆ ಅಂಟಿರಲೂ ಬಾರದು.

ಈ ಆಟ ಹುಟ್ಟಿದ್ದೇ ಪಾಸ್ ಮೇಲೆ ಅನ್ನೋದು ಮರೀಬೇಡಿ. 1891ರಲ್ಲಿ ಈ ಆಟ ಹುಟ್ಟುಹಾಕಿದ ನೈಸ್ಮಿತ್ ಬರೆದ ಮೊದಲ ನಿಯಮಗಳಲ್ಲಿ ಬಾಲ್ ಹಿಡ್ಕೊಂಡು ಓಡೋ ಹಾಗೇ ಇರಲಿಲ್ಲ, ಹಿಡಿದ ಜಾಗದಿಂದಲೇ ಎಸೀಬೇಕಿತ್ತು. ಡ್ರಿಬ್ಲಿಂಗ್ ಆಮೇಲೆ ಸೇರ್ಕೊಂಡಿದ್ದು. ಈಗಿನ ಹುಡುಗರು ಗಂಟೆಗಟ್ಟಲೆ ಡ್ರಿಬಲ್ ಪ್ರಾಕ್ಟೀಸ್ ಮಾಡ್ತಾರೆ, ಪಾಸ್‌ಗೆ ಹತ್ತು ನಿಮಿಷ ಕೊಡಲ್ಲ, ನನಗೆ ನಿಜವಾಗ್ಲೂ ಬೇಜಾರಾಗೋ ವಿಷಯ ಇದು.

ಗುರುತ್ವ_9.8:

ಹಳೇ ಫಾರ್ವರ್ಡ್ ಸರ್ ಹೇಳಿದ್ದು ಸರಿ, ಅದು ಯಾಕೆ ಸರಿ ಅನ್ನೋದನ್ನ ಸ್ವಲ್ಪ ಲೆಕ್ಕ ಹಾಕಿ ತೋರಿಸ್ತೀನಿ, ಉದ್ದ ಆಗತ್ತೆ, ಸಮಾಧಾನವಾಗಿ ಓದಿ.

ಮೊದಲನೇದು, ಚೆಸ್ಟ್ ಪಾಸ್ ನೇರ ಗೆರೇಲಿ ಹೋಗತ್ತೆ ಅನ್ನೋದನ್ನ ತಲೆಯಿಂದ ತೆಗೀರಿ. ಯಾವ ಪಾಸೂ ನೇರ ಹೋಗಲ್ಲ, ಬಿಟ್ಟ ಕ್ಷಣದಿಂದ ಭೂಮಿ ಎಳೀತಾನೇ ಇರತ್ತೆ. 6 ಮೀಟರ್ ದೂರ ಇರೋರ ಎದೆಗೆ ನಿಮ್ಮ ಎದೆ ಎತ್ತರದಿಂದ ಬಾಲ್ ತಲುಪಬೇಕು ಅಂತಿಟ್ಕೊಳ್ಳಿ. ಬಾಲ್ ಸೆಕೆಂಡಿಗೆ 12 ಮೀಟರ್ ವೇಗದಲ್ಲಿ ಕೈ ಬಿಟ್ರೆ ಅದನ್ನ ಮೇಲ್ಮುಖವಾಗಿ ಸುಮಾರು 12 ಡಿಗ್ರಿ ಎತ್ತಿ ಬಿಡಬೇಕು, ಮಧ್ಯದಲ್ಲಿ 30 ಸೆಂಟಿಮೀಟರ್ ಅಷ್ಟು ಮೇಲೆ ಹೋಗಿ ಅರ್ಧ ಸೆಕೆಂಡಲ್ಲಿ ತಲುಪತ್ತೆ. ವೇಗ 10 ಆದ್ರೆ 18 ಡಿಗ್ರಿ ಬೇಕು, ಅರ್ಧ ಮೀಟರ್ ಮೇಲೇರತ್ತೆ, 0.63 ಸೆಕೆಂಡ್. ವೇಗ 8ಕ್ಕೆ ಇಳಿದ್ರೆ 33 ಡಿಗ್ರಿ, ಹತ್ರಹತ್ರ ಒಂದು ಮೀಟರ್ ಮೇಲಕ್ಕೆ ಹೋಗಿ ಇಳೀತಾ 0.9 ಸೆಕೆಂಡ್ ತಗೊಳ್ಳತ್ತೆ, ನೀವು ಹೇಳೋ "ತೇಲೋ ಪಾಸ್" ಇದೇ. ಇನ್ನು 7 ಆಯ್ತು ಅಂದ್ರೆ ಯಾವ ಕೋನದಲ್ಲಿ ಬಿಟ್ರೂ ಅದೇ ಎತ್ತರಕ್ಕೆ 6 ಮೀಟರ್ ಮುಟ್ಟೋಕೇ ಆಗಲ್ಲ, 5 ಮೀಟರಿಗೇ ಕೆಳಗಿಳಿದಿರತ್ತೆ, ಮೊಣಕಾಲ ಹತ್ರ ಬೀಳೋ ಪಾಸ್ ಯಾವುದು ಅಂತ ಗೊತ್ತಾಯ್ತಲ್ಲ. ಗಾಳಿಯ ತಡೆ ನಾನಿಲ್ಲಿ ಸೇರಿಸಿಲ್ಲ, ಸೇರಿಸಿದ್ರೆ ಎಲ್ಲಾ ಇನ್ನೂ ಸ್ವಲ್ಪ ನಿಧಾನ ಆಗತ್ತೆ.

ಗಮನಿಸಿ, 8ಕ್ಕೂ 12ಕ್ಕೂ ವ್ಯತ್ಯಾಸ ಒಂದೂವರೆ ಪಟ್ಟು ಅಷ್ಟೇ, ಆದ್ರೆ ಡಿಫೆಂಡರ್‌ಗೆ ಸಿಗೋ ಟೈಮು 0.9ರಿಂದ 0.5ಕ್ಕೆ ಇಳೀತು. ಕಣ್ಣಲ್ಲಿ ನೋಡಿ ದೇಹ ಅಲ್ಲಾಡಿಸೋಕೆ ಯಾರಿಗಾದ್ರೂ ಸುಮಾರು 0.2 ಸೆಕೆಂಡ್ ಬೇಕೇ ಬೇಕು, ಅದನ್ನ ಕಳೆದ್ರೆ ಅವನಿಗೆ ಉಳಿಯೋದು 0.7 ಸೆಕೆಂಡೋ 0.3 ಸೆಕೆಂಡೋ ಅನ್ನೋದು ಪ್ರಶ್ನೆ. 0.7ರಲ್ಲಿ ಎರಡು ಹೆಜ್ಜೆ ಹಾಕ್ಬಹುದು, 0.3ರಲ್ಲಿ ಕೈ ಚಾಚೋದೇ ಹೆಚ್ಚು.

ಈಗ ಆ ವೇಗ ಎಲ್ಲಿಂದ ಬರತ್ತೆ ಅಂತ. 7ನೇ ಸೈಜ್ ಬಾಲ್ ಸುಮಾರು 600 ಗ್ರಾಂ. 8 ಮೀಟರ್ ವೇಗಕ್ಕೆ 19 ಜೂಲ್ ಶಕ್ತಿ ಸಾಕು, 12ಕ್ಕೆ 43 ಜೂಲ್ ಬೇಕು, ಅಂದ್ರೆ ಎರಡು ಪಟ್ಟಿಗಿಂತ ಜಾಸ್ತಿ. ಶಕ್ತಿ ಅಂದ್ರೆ ಬಲ ಗುಣಿಸು ದೂರ. ಎದೆಯಿಂದ ಕೈ ಪೂರ್ತಿ ಚಾಚೋವರೆಗೆ ಬಾಲ್ ಮೇಲೆ ಒತ್ತಡ ಹಾಕೋಕೆ ನಿಮಗೆ ಸಿಗೋದು 40 ಸೆಂಟಿಮೀಟರ್ ಆಸುಪಾಸು. 43 ಜೂಲನ್ನ ಅಷ್ಟರಲ್ಲೇ ತುಂಬಬೇಕು ಅಂದ್ರೆ ಸರಾಸರಿ 108 ನ್ಯೂಟನ್, ಅಂದ್ರೆ ಸುಮಾರು 11 ಕೆಜಿ ಎತ್ತೋ ಅಷ್ಟು ಬಲ. ನೀವು ಬೆಂಚ್ ಪ್ರೆಸ್‌ನಲ್ಲಿ ಇದರ ಎಷ್ಟೋ ಪಟ್ಟು ಎತ್ತುತೀರ, ಹಾಗಾದ್ರೆ ಪಾಸ್‌ಗೆ ಯಾಕೆ ಆಗ್ತಿಲ್ಲ? ಯಾಕಂದ್ರೆ ಸ್ನಾಯು ಎಷ್ಟು ವೇಗವಾಗಿ ಕುಗ್ಗುತ್ತೋ ಅಷ್ಟು ಕಮ್ಮಿ ಬಲ ಕೊಡತ್ತೆ. ನಿಧಾನಕ್ಕೆ 60 ಕೆಜಿ ತಳ್ಳೋ ಅದೇ ಟ್ರೈಸೆಪ್ಸ್ (ತೋಳಿನ ಹಿಂಭಾಗದ ಸ್ನಾಯು), ಕೈ ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ಹೋಗ್ತಿರೋವಾಗ ತುಂಬಾ ಕಮ್ಮಿ ತಳ್ಳತ್ತೆ. ಜಿಮ್ಮಲ್ಲಿ ಬೆಳೆದ ಬಲ ಪಾಸಲ್ಲಿ ಕಾಣದೇ ಇರೋದಕ್ಕೆ ಇದೇ ಕಾರಣ.

ಇಲ್ಲೇ ಹೆಜ್ಜೆಯ ಗುಟ್ಟಿರೋದು. ಬಾಲ್‌ನ ಒಟ್ಟು ವೇಗವನ್ನ ಒಂದೇ ಕೀಲು ಹುಟ್ಟಿಸ್ಬೇಕಿಲ್ಲ, ಎಲ್ಲಾ ಹಂಚ್ಕೊಂಡ್ರೆ ಆಯ್ತು. ಹೆಜ್ಜೆಯಿಂದ ಇಡೀ ದೇಹ ಸೆಕೆಂಡಿಗೆ 1.5 ಮೀಟರ್ ಮುಂದೆ ಹೋಗ್ತಿದ್ರೆ ಬಾಲ್ ಆಗಲೇ 1.5ರಲ್ಲಿದೆ, ಮೇಲ್ದೇಹ ಸೊಂಟದಿಂದ ಮುಂದಕ್ಕೆ ಬರೋದ್ರಿಂದ ಇನ್ನಷ್ಟು, ಹೆಗಲ ಮೂಳೆ ಪಕ್ಕೆ ಮೇಲೆ ಜಾರಿ ಮುಂದೆ ಬರೋದ್ರಿಂದ ಇನ್ನೊಂದಿಷ್ಟು, ಆಮೇಲೆ ಭುಜ, ಮೊಣಕೈ, ಮಣಿಕಟ್ಟು. ಹಂಚ್ಕೊಂಡಾಗ ಪ್ರತಿ ಸ್ನಾಯೂ ಸ್ವಲ್ಪ ನಿಧಾನಕ್ಕೆ ಕುಗ್ಗಿದ್ರೂ ನಡೆಯತ್ತೆ, ನಿಧಾನಕ್ಕೆ ಕುಗ್ಗಿದ್ರೆ ಜಾಸ್ತಿ ಬಲ ಕೊಡತ್ತೆ. ಜೊತೆಗೆ ಬಾಲ್ ಮೇಲೆ ಒತ್ತಡ ಇರೋ ದೂರನೂ 40ರಿಂದ 70-80 ಸೆಂಟಿಮೀಟರಿಗೆ ಹೋಗತ್ತೆ. ಆ ತೆಳ್ಳಗಿನ ಹುಡುಗಿ ಕಷ್ಟಪಡದೇ ಹಾಕೋ ಹಾಗೆ ಕಾಣೋದು ಅವಳಲ್ಲಿ ಎಲ್ಲಾ ಕೀಲೂ ಸ್ವಲ್ಪ ಸ್ವಲ್ಪ ಕೆಲಸ ಮಾಡ್ತಿರೋದಕ್ಕೆ.

ಬೇಕಾದ್ರೆ ನೀವೇ ಪರೀಕ್ಷೆ ಮಾಡಿ ನೋಡಿ. ಗೋಡೆಗೆ ಬೆನ್ನು ಒರಗಿಸಿ ನೆಲದ ಮೇಲೆ ಕೂತು ಎಷ್ಟು ದೂರ ಚೆಸ್ಟ್ ಪಾಸ್ ಹೋಗತ್ತೆ ನೋಡಿ, ಆಮೇಲೆ ನಿಂತು, ಆಮೇಲೆ ಹೆಜ್ಜೆ ಇಟ್ಟು. ಕೂತಾಗಲೂ ನಿಂತಾಗಲೂ ಹೆಚ್ಚು ಕಮ್ಮಿ ಒಂದೇ ಬಂತು ಅಂದ್ರೆ ನಿಮ್ಮ ಕಾಲು ಸೊಂಟ ಪಾಸಲ್ಲಿ ಭಾಗವಹಿಸ್ತಾನೇ ಇಲ್ಲ ಅಂತ ಅರ್ಥ.

ಕೀಲು_ಮೂಳೆ:

ನಾನು ಫಿಸಿಯೋಥೆರಪಿ ಮಾಡೋಳು, ಸ್ನ್ಯಾಪ್ ಬಗ್ಗೆ ಕೇಳಿದೀರಲ್ಲ ಅದನ್ನ ನಾನು ಹೇಳ್ತೀನಿ.

ಸ್ನ್ಯಾಪ್ ಅಂದ್ರೆ ಎರಡು ಚಲನೆ ಸೇರಿ ಆಗೋದು. ಒಂದು, ಹಿಂದಕ್ಕೆ ಬಾಗಿದ್ದ ಮಣಿಕಟ್ಟು ಮುಂದಕ್ಕೆ ಮಡಚೋದು. ಇನ್ನೊಂದು, ಮುಂಗೈ ಒಳಕ್ಕೆ ತಿರುಗೋದು, ಅದಕ್ಕೆ ಪ್ರೊನೇಷನ್ ಅಂತೀವಿ. ಪಾಸ್ ಮುಗಿದಾಗ ಹೆಬ್ಬೆರಳು ನೆಲ ನೋಡ್ತಿರ್ಬೇಕು, ಅಂಗೈ ಹೊರಗಡೆ ನೋಡ್ತಿರ್ಬೇಕು ಅಂತಾರಲ್ಲ, ಆ ಪೊಸಿಷನ್ ಈ ಎರಡೂ ಆಗಿದ್ದಕ್ಕೆ ಸಾಕ್ಷಿ. ಆದ್ರೆ ಎಷ್ಟೋ ಜನ ಬಾಲ್ ಕೈ ಬಿಟ್ಟ ಮೇಲೆ ಹೆಬ್ಬೆರಳು ಕೆಳಗೆ ತಿರುಗಿಸ್ತಾರೆ, ಫೋಟೋಗೆ ಚೆನ್ನಾಗಿ ಕಾಣತ್ತೆ, ಬಾಲ್‌ಗೆ ಅದರಿಂದ ಏನೂ ಸಿಗಲ್ಲ. ತಿರುಗೋದು ಬೆರಳು ಬಾಲ್ ಮೇಲಿರೋವಾಗಲೇ ಆಗ್ಬೇಕು. ಸರಿಯಾಗಿ ಆದ್ರೆ ತೋರುಬೆರಳು, ನಡುಬೆರಳು ಕೊನೇಲಿ ಬಾಲ್ ಹಿಂಭಾಗವನ್ನ ಮೇಲಿನಿಂದ ಕೆಳಕ್ಕೆ ಸವರಿ ಬಿಡತ್ತೆ, ಬಾಲ್ ಬ್ಯಾಕ್‌ಸ್ಪಿನ್ ಆಗ್ತಾ ಹೋಗತ್ತೆ. ಬಾಲ್ ಮೇಲಿನ ಗೆರೆಗಳು ನಿಮ್ಮ ಕಡೆ ಉರುಳ್ತಾ ಸಮವಾಗಿ ತಿರುಗ್ತಿದ್ರೆ ಎರಡೂ ಕೈ ಒಂದೇ ಬಲ ಕೊಟ್ಟಿದೆ. ಪಕ್ಕಕ್ಕೆ ಓರೆಯಾಗಿ ತಿರುಗ್ತಿದ್ರೆ ಒಂದು ಕೈ ಜಾಸ್ತಿ ತಳ್ಳಿದೆ, ಸಾಮಾನ್ಯವಾಗಿ ಬಲಗೈ.

ಇನ್ನೊಂದು ಮುಖ್ಯ ವಿಷಯ, ತಳ್ಳೋದಕ್ಕೂ ಬೀಸೋದಕ್ಕೂ ದೇಹ ಕೆಲಸ ಮಾಡೋ ರೀತಿ ಬೇರೆ. ಬೇಸ್‌ಬಾಲ್ ಪಾಸ್ ಅಂತೀವಲ್ಲ, ಒಂದೇ ಕೈಯಲ್ಲಿ ಕಿವಿ ಪಕ್ಕದಿಂದ ಇಡೀ ಕೋರ್ಟ್ ದಾಟಿಸೋದು, ಅದು ಬೀಸೋ ಚಲನೆ. ಅಲ್ಲಿ ಸೊಂಟ ಮೊದಲು ತಿರುಗತ್ತೆ, ಆಮೇಲೆ ಎದೆ, ಆಮೇಲೆ ಭುಜ, ಮೊಣಕೈ, ಮಣಿಕಟ್ಟು, ಒಂದಾದ ಮೇಲೊಂದು ಸ್ಪಷ್ಟವಾಗಿ ತಡವಾಗಿ ಬರತ್ತೆ, ಅದಕ್ಕೇ ವೇಗ ಜಾಸ್ತಿ, ಗುರಿ ತಪ್ಪೋ ಸಾಧ್ಯತೆನೂ ಜಾಸ್ತಿ. ಚೆಸ್ಟ್ ಪಾಸ್ ತಳ್ಳೋ ಚಲನೆ. ಇಲ್ಲಿ ಭುಜ ಮುಂದಕ್ಕೆ ಹೋಗೋದೂ ಮೊಣಕೈ ಬಿಚ್ಕೊಳ್ಳೋದೂ ಹೆಚ್ಚು ಕಮ್ಮಿ ಒಟ್ಟೊಟ್ಟಿಗೇ ಆಗತ್ತೆ, ಮಣಿಕಟ್ಟು ಮಾತ್ರ ಕೊನೇಲಿ. ಒಟ್ಟಿಗೇ ಆಗೋದ್ರಿಂದ ಕೈ ನೇರ ಗೆರೇಲಿ ಮುಂದೆ ಹೋಗತ್ತೆ, ಬಾಲ್ ಬಿಡೋ ಕ್ಷಣ ಸ್ವಲ್ಪ ಹಿಂದೆ ಮುಂದೆ ಆದ್ರೂ ದಿಕ್ಕು ಬದಲಾಗಲ್ಲ. ಚೆಸ್ಟ್ ಪಾಸ್ ನಂಬಿಕಸ್ತ ಪಾಸ್ ಆಗಿರೋದು ಇದಕ್ಕೇ.

ಈಗ ಮೊಣಕೈ ವಿಷಯ. ರೆಕ್ಕೆ ಥರ ಹೊರಗೆ ಹೋದ್ರೆ ಕೈಗಳು ನೇರ ಹೋಗದೆ ಹೊರಗಿಂದ ಒಳಕ್ಕೆ ಬರತ್ತೆ, ಎರಡೂ ಕೈ ಬಾಲನ್ನ ಅಕ್ಕಪಕ್ಕದಿಂದ ಹಿಸುಕೋದ್ರಲ್ಲಿ ಬಲ ಹೋಗತ್ತೆ, ಎಡಗೈ ಬಲ ಬಲಗೈ ಬಲ ಒಂದನ್ನೊಂದು ಹೊಡೆದು ಹಾಕತ್ತೆ, ಬಾಲ್‌ಗೆ ಮುಂದಕ್ಕೆ ಸಿಗೋದು ಉಳಿದದ್ದು ಮಾತ್ರ. ಬೆಂಚ್ ಪ್ರೆಸ್ ಜಾಸ್ತಿ ಮಾಡೋರಿಗೆ ಮೊಣಕೈ ಹೊರಗಿಟ್ಟೇ ತಳ್ಳೋ ಅಭ್ಯಾಸ ಬಂದಿರತ್ತೆ, ನಿಮ್ಮದು ಹಾಗಿದ್ಯಾ ನೋಡ್ಕೊಳ್ಳಿ. ಮತ್ತೆ ಬೆಂಚಿಗೆ ಬೆನ್ನು ಒತ್ಕೊಂಡಿರೋದ್ರಿಂದ ಹೆಗಲ ಮೂಳೆ ಅಲ್ಲೇ ಲಾಕ್ ಆಗಿರತ್ತೆ, ಅದನ್ನ ಮುಂದಕ್ಕೆ ಎಳೆಯೋ ಸೆರೇಟಸ್ ಆಂಟೀರಿಯರ್ ಅನ್ನೋ ಸ್ನಾಯುಗೆ ಅಲ್ಲಿ ಕೆಲಸ ತುಂಬಾ ಕಮ್ಮಿ. ಪಾಸ್‌ನ ಕೊನೇ ಐದಾರು ಸೆಂಟಿಮೀಟರ್ ಚಾಚು ಬರೋದು ಅದರಿಂದಲೇ. ಪುಷ್ ಅಪ್ ಮಾಡುವಾಗ ಮೇಲೆ ಬಂದ ಮೇಲೂ ನಿಲ್ಲಿಸದೆ ಬೆನ್ನಿನ ಮೇಲ್ಭಾಗ ಇನ್ನೂ ಮೇಲಕ್ಕೆ ತಳ್ಳಿ, ಅದು ಬಲಿಯತ್ತೆ. ಜೊತೆಗೆ 2 ಕೆಜಿ ಮೆಡಿಸಿನ್ ಬಾಲ್‌ನಲ್ಲಿ ಹೆಜ್ಜೆ ಇಟ್ಟು ಜೋರಾಗಿ ಚೆಸ್ಟ್ ಪಾಸ್ ಮಾಡಿ, ಭಾರ ಜಾಸ್ತಿ ಬೇಡ, 5 ಕೆಜಿ ಹಿಡ್ಕೊಂಡ್ರೆ ಚಲನೆಯೇ ಬದಲಾಗಿ ಶಾಟ್‌ಪುಟ್ ಆಗಿಬಿಡತ್ತೆ.

ಹಳೇ_ಫಾರ್ವರ್ಡ್:

ಮೇಡಂ ತುಂಬಾ ಚೆನ್ನಾಗಿ ಹೇಳಿದ್ರಿ. ಒಂದು ಮಾತು ಸೇರಿಸ್ತೀನಿ, ಜಂಪ್ ಮಾಡಿ ಗಾಳೀಲಿದ್ದಾಗ ಪಾಸ್ ಹಾಕ್ಬೇಡಿ ಅಂತ ನಾವೆಲ್ಲ ಹೇಳ್ತೀವಲ್ಲ, ಕಾಲಿಗೆ ನೆಲದ ಆಧಾರ ಇಲ್ದೇ ಇರೋದ್ರಿಂದ ಬಾಲ್ ತಳ್ಳಿದ ಬಲಕ್ಕೆ ನಾವೇ ಹಿಂದೆ ಹೋಗ್ತೀವಿ, ಅರ್ಧ ಬಲ ಅಲ್ಲೇ ವೇಸ್ಟ್.

ಗುರುತ್ವ_9.8:

ಸರ್, ಹಿಂದೆ ತಳ್ಳಿಸ್ಕೊಳ್ಳೋದು ನಿಜ, ಆದ್ರೆ ಅರ್ಧ ಅನ್ನೋದು ತುಂಬಾ ಜಾಸ್ತಿ ಆಯ್ತು. 0.6 ಕೆಜಿ ಬಾಲ್ 10 ಮೀಟರ್ ವೇಗದಲ್ಲಿ ಮುಂದೆ ಹೋದ್ರೆ 60 ಕೆಜಿ ದೇಹ ಹಿಂದಕ್ಕೆ ಹೋಗೋದು ಸೆಕೆಂಡಿಗೆ 0.1 ಮೀಟರ್, 10 ಸೆಂಟಿಮೀಟರ್ ಅಷ್ಟೇ. ನೂರರಲ್ಲಿ ಒಂದು ಭಾಗ. ಗಾಳೀಲಿ ಪಾಸ್ ವೀಕ್ ಆಗೋದು ಬೇರೆ ಕಾರಣಕ್ಕೆ. ಹೆಜ್ಜೆ ಇಡೋಕಾಗಲ್ಲ ಅನ್ನೋದು ಒಂದು, ಮೇಲ್ದೇಹವನ್ನ ಮುಂದಕ್ಕೆ ತಂದ್ರೆ ಕಾಲೂ ಮುಂದಕ್ಕೆ ಬಂದು ದೇಹ ಮಧ್ಯದಲ್ಲಿ ಮಡಚ್ಕೊಳ್ಳತ್ತೆ ಅನ್ನೋದು ಇನ್ನೊಂದು, ನೆಲದಲ್ಲಿದ್ರೆ ಪಾದ ಅದನ್ನ ತಡೀತಿತ್ತು. ಹಾಗಾಗಿ ಸೊಂಟದಿಂದ ಬರೋ ಪಾಲು ಹೆಚ್ಚು ಕಮ್ಮಿ ಹೋಗಿಬಿಡತ್ತೆ, ಕೈ ಒಂದೇ ಉಳಿಯತ್ತೆ. ಆಮೇಲೆ ಅತಿ ಮುಖ್ಯವಾದದ್ದು, ಗಾಳೀಲಿದ್ದಾಗ ಮನಸ್ಸು ಬದಲಾಯಿಸೋಕೆ ಟೈಮಿಲ್ಲ, ಕೆಳಗಿಳಿಯೋದ್ರೊಳಗೆ ಬಿಡ್ಲೇಬೇಕು. ಸಲಹೆ ನೂರಕ್ಕೆ ನೂರು ಸರಿ, ಕಾರಣ ಮಾತ್ರ ಇದು.

ಕಾರ್ನರ್_ಗಾರ್ಡ್:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಗೋಡೆಗೆ ಒರಗಿ ಕೂತು ಹಾಕೋ ಟೆಸ್ಟ್ ಮಾಡ್ದೆ, ನಿಂತು ಹಾಕಿದ್ದಕ್ಕೂ ಅದಕ್ಕೂ ವ್ಯತ್ಯಾಸ ತೀರಾ ಕಮ್ಮಿ, ಹೆಜ್ಜೆ ಇಟ್ಟು ಹಾಕಿದಾಗ ಮಾತ್ರ ಸ್ಪಷ್ಟವಾಗಿ ದೂರ ಹೋಯ್ತು. ಆದ್ರೆ ಒಂದು ಡೌಟು, ಗೇಮಲ್ಲಿ ಹೆಜ್ಜೆ ಇಟ್ಟು ಎದೆ ಹತ್ರ ಬಾಲ್ ತಂದು ಎಲ್ಲಾ ಮಾಡ್ತಾ ಕೂತ್ರೆ ಡಿಫೆಂಡರ್‌ಗೆ ಮೊದಲೇ ಗೊತ್ತಾಗಲ್ವಾ? ಮತ್ತೆ ಬೌನ್ಸ್ ಪಾಸ್ ಪ್ರಶ್ನೆ ಹಾಗೇ ಉಳೀತು. ಓಡ್ತಾ ಇರೋವಾಗ ಎಷ್ಟು ಮುಂದೆ ಹಾಕ್ಬೇಕು ಅನ್ನೋದೂ ಹೇಳಿ.

ಕೀಲು_ಮೂಳೆ:

ಗೊತ್ತಾಗತ್ತೆ, ಅದಕ್ಕೇ ಪಾಸ್‌ನ ಟೈಮು ಲೆಕ್ಕ ಹಾಕೋದು ಬಾಲ್ ಕೈ ಬಿಟ್ಟಲ್ಲಿಂದ ಅಲ್ಲ, ನಿಮ್ಮ ದೇಹ ಮೊದಲು ಸುಳಿವು ಕೊಟ್ಟಲ್ಲಿಂದ. ಬಾಲನ್ನ ಹಿಂದಕ್ಕೆ ಎಳ್ಕೊಂಡು 0.3 ಸೆಕೆಂಡ್ ತಯಾರಿ ಮಾಡಿ 12ರ ವೇಗದಲ್ಲಿ ಹಾಕೋದಕ್ಕಿಂತ, ಇದ್ದಲ್ಲಿಂದಲೇ 10ರ ವೇಗದಲ್ಲಿ ಹಾಕೋ ಪಾಸ್ ಬೇಗ ತಲುಪತ್ತೆ. ತಲೆ ಮೇಲಿಂದ ಹಾಕೋ ಓವರ್‌ಹೆಡ್ ಪಾಸ್‌ನಲ್ಲಿ ಬಾಲ್ ತಲೆ ಹಿಂದಕ್ಕೆ ತಗೋಬೇಡಿ, ಹಣೆ ಮೇಲೇ ಇರ್ಲಿ ಅನ್ನೋದೂ ಇದಕ್ಕೇ. ಅಮೆರಿಕದ ಎನ್‌ಬಿಎ ಲೀಗ್‌ನ ನಿಕೋಲಾ ಯೋಕಿಚ್ ಆಟ ನೋಡಿ, ಬಾಲ್ ಎಲ್ಲಿ ಸಿಕ್ಕಿತೋ ಅಲ್ಲಿಂದಲೇ ಒಂದು ಕೈಯಲ್ಲಿ, ಬರೀ ಮುಂಗೈ ಮಣಿಕಟ್ಟಲ್ಲಿ ಬಿಟ್ಟುಬಿಡ್ತಾನೆ, ಡಿಫೆಂಡರ್ ಓದೋಕೆ ಭುಜದಲ್ಲಿ ಏನೂ ಇರಲ್ಲ. ಜಾನ್ ಸ್ಟಾಕ್ಟನ್ 6 ಅಡಿ 1 ಇಂಚು ಎತ್ತರದವನು, ಎನ್‌ಬಿಎಯಲ್ಲಿ ಅವನ 15,806 ಅಸಿಸ್ಟ್ (ಜೊತೆಗಾರ ಬುಟ್ಟಿಗೆ ಹಾಕೋಕೆ ಕೊಟ್ಟ ಪಾಸ್) ದಾಖಲೆ ಇವತ್ತಿಗೂ ಯಾರೂ ಮುಟ್ಟಿಲ್ಲ, ಅದು ತೋಳ್ಬಲದಿಂದ ಬಂದಿದ್ದಲ್ಲ. ಹೆಜ್ಜೆ ಬೇಡ ಅಂತಲ್ಲ, ಡ್ರಿಬಲ್‌ನ ಕೊನೇ ಹೆಜ್ಜೆಯನ್ನೇ ಪಾಸ್‌ನ ಹೆಜ್ಜೆ ಮಾಡ್ಕೊಳ್ಳಿ, ಪ್ರತ್ಯೇಕವಾಗಿ ಇನ್ನೊಂದು ಇಡಬೇಕಿಲ್ಲ.

ಹಾಗೇ ಹಿಡಿಯೋ ಕೈ ಬಗ್ಗೆನೂ ಒಂದು ಮಾತು. ಪಾಸ್ ಸ್ಪೀಡ್ ಆದ ಹಾಗೆ ಹಿಡಿಯೋರಿಗೆ ಕಷ್ಟ ಆಗತ್ತೆ. 10 ಮೀಟರ್ ವೇಗದ ಬಾಲನ್ನ ಕೈ ಗಟ್ಟಿ ಹಿಡಿದು 5 ಸೆಂಟಿಮೀಟರಲ್ಲಿ ನಿಲ್ಲಿಸಿದ್ರೆ ಸರಾಸರಿ 600 ನ್ಯೂಟನ್ ಬಲ ಬೆರಳು ಅಂಗೈ ಮೇಲೆ, ಕೈ ಎದೆ ಕಡೆಗೆ ತರ್ತಾ 25 ಸೆಂಟಿಮೀಟರಲ್ಲಿ ನಿಲ್ಲಿಸಿದ್ರೆ 120. ಬೆರಳ ತುದಿ ನೇರವಾಗಿ ಬಾಲ್‌ಗೆ ಎದುರಾದ್ರೆ ತುದಿ ಗೆಣ್ಣು ಫಟ್ ಅಂತ ಮಡಚಿ, ಅದನ್ನ ನೆಟ್ಟಗೆ ಹಿಡಿಯೋ ಸ್ನಾಯುರಜ್ಜು ಹರಿಯತ್ತೆ. ಬೆರಳ ತುದಿ ಜೋತು ಬಿದ್ದು ನೆಟ್ಟಗೆ ಮಾಡೋಕೇ ಆಗ್ತಿಲ್ಲ ಅಂದ್ರೆ ದಯವಿಟ್ಟು ಎಳೆದು ಸರಿ ಮಾಡೋಕೆ ಹೋಗ್ಬೇಡಿ, ಡಾಕ್ಟರ್‌ಗೆ ತೋರಿಸಿ, ವಾರಗಟ್ಟಲೆ ಸ್ಪ್ಲಿಂಟ್ ಬೇಕಾಗತ್ತೆ.

ಗುರುತ್ವ_9.8:

ಬೌನ್ಸ್ ಪಾಸ್ ನನಗೆ ಬಿಡಿ. ನೆಲಕ್ಕೆ ಬಡಿದಾಗ ಎರಡು ನಷ್ಟ. ಮೇಲೆ ಕೆಳಗಿನ ವೇಗದಲ್ಲಿ ಕಾಲು ಭಾಗ ಹೋಗತ್ತೆ, ಸರಿಯಾಗಿ ಗಾಳಿ ತುಂಬಿದ ಬಾಲ್ ಬಡಿದ ವೇಗದ ಮುಕ್ಕಾಲರಷ್ಟರಲ್ಲಿ ಮೇಲೇಳತ್ತೆ. ಮುಂದಕ್ಕೆ ಹೋಗೋ ವೇಗದಲ್ಲೂ ನಷ್ಟ ಇದೆ, ಇದು ಬಹಳ ಜನ ಯೋಚಿಸಲ್ಲ. ನೆಲದ ಘರ್ಷಣೆ ಬಾಲನ್ನ ಹಿಡಿದು ಉರುಳಿಸತ್ತೆ, ಆ ಉರುಳಾಟಕ್ಕೆ ಶಕ್ತಿ ಮುಂದಿನ ವೇಗದಿಂದಲೇ ಹೋಗ್ಬೇಕು. ಸ್ಪಿನ್ ಇಲ್ಲದ ಟೊಳ್ಳು ಬಾಲ್ ನೆಲಕ್ಕೆ ಚೆನ್ನಾಗಿ ಕಚ್ಕೊಂಡ್ರೆ ಮುಂದಿನ ವೇಗದಲ್ಲಿ 40 ಪರ್ಸೆಂಟ್ ಹತ್ರ ಕಳ್ಕೊಳ್ಳತ್ತೆ, ಬ್ಯಾಕ್‌ಸ್ಪಿನ್ ಇದ್ರೆ ಇನ್ನೂ ಜಾಸ್ತಿ.

ಈಗ ಎದೆ ಎತ್ತರದಿಂದ ಮುಂದಕ್ಕೆ 8, ಕೆಳಕ್ಕೆ 2 ಮೀಟರ್ ವೇಗದಲ್ಲಿ ಬಿಟ್ರೆ 0.31 ಸೆಕೆಂಡಲ್ಲಿ ನೆಲ ಮುಟ್ಟತ್ತೆ, ಅಷ್ಟರಲ್ಲಿ 2.5 ಮೀಟರ್ ಮುಂದೆ ಹೋಗಿರತ್ತೆ. ಬಡಿದ ಮೇಲೆ ಮುಂದಿನ ವೇಗ 5ಕ್ಕಿಂತ ಕೆಳಗೆ. ಸೊಂಟದ ಎತ್ತರಕ್ಕೆ ಏರೋಕೆ ಕಾಲು ಸೆಕೆಂಡ್, ಅಷ್ಟರಲ್ಲಿ ಮುಂದೆ ಹೋಗೋದು 1.2 ಮೀಟರ್. ಒಟ್ಟು 3.7ರಲ್ಲಿ 2.5 ಅಂದ್ರೆ ಮೂರರಲ್ಲಿ ಎರಡು ಭಾಗ, ನೀವು ಕೇಳಿದ ನಿಯಮ ಇಲ್ಲಿಂದಲೇ ಬರತ್ತೆ. ಅರ್ಧ ದೂರಕ್ಕೇ ಹೊಡೆದ್ರೆ ಬಾಲ್ ತುತ್ತತುದಿಗೇರಿ ಇಳಿಯೋಕೆ ಶುರುವಾದ ಮೇಲೆ ತಲುಪತ್ತೆ, ಅದೂ ನಿಧಾನವಾಗಿ. ಬೌನ್ಸ್ ಪಾಸ್ ಯಾವಾಗಲೂ ಚೆಸ್ಟ್ ಪಾಸ್‌ಗಿಂತ ನಿಧಾನ, ಡಿಫೆಂಡರ್ ಕೈ ಮೇಲಿಟ್ಕೊಂಡು ಹತ್ರ ನಿಂತಾಗ ಅದರ ಬೆಲೆ, ದೂರಕ್ಕೆ ಬಳಸ್ಬೇಡಿ.

ಓಡ್ತಾ ಹಾಕೋದು: ನೀವು ನಿಂತಿದ್ದು ಅವರು ಸೆಕೆಂಡಿಗೆ 5 ಮೀಟರ್ ಓಡ್ತಿದ್ರೆ, ಪಾಸ್‌ಗೆ 0.6 ಸೆಕೆಂಡ್ ಬೇಕಾದ್ರೆ 3 ಮೀಟರ್ ಮುಂದೆ ಹಾಕ್ಬೇಕು. ಆದ್ರೆ ಫಾಸ್ಟ್ ಬ್ರೇಕಲ್ಲಿ, ಅಂದ್ರೆ ಎದುರಾಳಿ ಸಜ್ಜಾಗೋ ಮೊದಲೇ ನುಗ್ಗೋವಾಗ, ಇಬ್ಬರೂ ಅಕ್ಕಪಕ್ಕ ಒಂದೇ ವೇಗದಲ್ಲಿ ಓಡ್ತಿದ್ರೆ ನಿಮ್ಮ ವೇಗ ಬಾಲ್‌ಗೆ ಆಗಲೇ ಸೇರಿದೆ, ಸೀದಾ ಪಕ್ಕಕ್ಕೆ ತಳ್ಳಿದ್ರೂ ಅದು ಅವರ ಜೊತೆಜೊತೆಗೇ ಮುಂದೆ ಹೋಗತ್ತೆ. ಇಲ್ಲೂ 3 ಮೀಟರ್ ಮುಂದೆ ಗುರಿ ಇಟ್ರೆ ಬಾಲ್ ಅವರ ಮುಂದೆ ಹಾದು ಔಟ್ ಆಗತ್ತೆ. ಅವರು ನಿಮಗಿಂತ ಎಷ್ಟು ಜೋರಾಗಿ ಓಡ್ತಿದಾರೋ ಆ ವ್ಯತ್ಯಾಸಕ್ಕೆ ಮಾತ್ರ ಮುಂದೆ ಹಾಕಿ.

ಹಳೇ_ಫಾರ್ವರ್ಡ್:

ಇದಕ್ಕೇ ಮೂರು ಜನ ಓಡ್ತಾ ಪಾಸ್ ಮಾಡ್ತಾ ಜಾಗ ಬದಲಾಯಿಸ್ಕೊಳ್ಳೋ ವೀವ್ ಡ್ರಿಲ್ ಇರೋದು. ನಿಧಾನಕ್ಕೆ ಜಾಗಿಂಗ್ ವೇಗದಲ್ಲಿ ಶುರು ಮಾಡಿ, ಪಾಸ್ ಕೈಗೆ ಸರಿಯಾಗಿ ಕೂತ ಮೇಲೆ ವೇಗ ಏರಿಸಿ. ನಿಂತು ಪಾಸ್ ಮಾಡೋದು ಗೋಡೆ ಮುಂದೆ ಒಬ್ಬನೇ ಕಲೀಬಹುದು, ಇದನ್ನ ಕಲಿಯೋಕೆ ಜೊತೆಗಾರರು ಬೇಕು. ಆ ಹುಡುಗೀನ ಕರ್ಕೋ, ಅವಳ ಪಕ್ಕದಲ್ಲಿ ಓಡ್ತಾ ಹಾಕು.